ಅಜ್ಜಿ ಅರ್ಧಕ್ಕೇ ಬಿಟ್ಟ ಟೀ

ನೀವು ಇದನ್ನು ನಂಬುವುದಿಲ್ಲ. ಪರವಾಗಿಲ್ಲ, ನಾನು ಹೇಳಿದ್ದನ್ನು ನಮ್ಮ ಮನೆಯಲ್ಲೂ ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ಆದರೂ ಕೇಳಿ. ನಮ್ಮಜ್ಜಿ ಒಂದೇ ಒಂದು ಗುಟುಕು ಟೀ ಕುಡಿದು, ಅದನ್ನು ಮಾಡಿದವರು ಯಾರು, ಹಾಲು ಇವತ್ತಿನದೋ ನಿನ್ನೆಯದೋ, ಮಾಡುವಾಗ ಅವರ ಗಮನ ಎಲ್ಲಿತ್ತು, ಎಲ್ಲವನ್ನೂ ಹೇಳುತ್ತಾಳೆ. ಕೊನೆಯದನ್ನು ನಾನು ಸೇರಿಸಿದೆ ಅಂದುಕೊಂಡಿರಿ, ಅಲ್ಲವೇ? ಅದೊಂದು ಮಾತ್ರ ಪೂರ್ತಿ ನಿಜ. ಒಂದು ಸಂಜೆ ನಾನು ಕೊಟ್ಟ ಟೀಯನ್ನು ಬಾಯಲ್ಲಿಟ್ಟುಕೊಂಡು ಒಂದು ಕ್ಷಣ ಗೋಡೆ ನೋಡಿದಳು. ಆಮೇಲೆ, "ಉಕ್ಕೋದ್ಮೇಲೆ ಒಲೆ ಆರ್ಸಿ ಮತ್ತೆ ಹಚ್ಚಿದ್ದೀಯ. ಫೋನಾಗೆ ಅಂಥಾ ಚೆಂದದ್ದು ಏನಿತ್ತವ್ವ?" ಅಂದಳು. ಅವಳು ಕೂತಿದ್ದು ಜಗಲಿಯ ಮೇಲೆ. ಒಲೆಗೂ ಅವಳಿಗೂ ನಡುವೆ ಎರಡು ಕೋಣೆ, ಒಂದು ಟೀವಿ.

ನಮ್ಮ ಮನೆ ಇರುವುದು ಹೊರಮಾವಿನಲ್ಲಿ. ಅಪಾರ್ಟ್‌ಮೆಂಟುಗಳು ಬರುವ ಮೊದಲು ಹೊರಮಾವು ಒಂದು ಹಳ್ಳಿಯಾಗಿತ್ತು, ನಾವು ಆ ಹಳ್ಳಿಯವರು. ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತು ಎದ್ದಿದೆ. ಮೇಲಿನೆರಡರಲ್ಲಿ ಬಾಡಿಗೆಯವರು, ಕೆಳಗೆ ನಾವು. ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಸೊಪ್ಪಿನ ಕಟ್ಟುಗಳನ್ನು ಬಸ್ಸಿಗೆ ಹೇರಿಕೊಂಡು ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗುತ್ತಿದ್ದಳಂತೆ. ಸೊಪ್ಪು ಖಾಲಿಯಾದ ಮೇಲೆ ಮಾರುಕಟ್ಟೆಯ ಹಿಂದಿನ ಗಲ್ಲಿಗೆ ಹೋಗಿ ಕಾಲು ಕೆಜಿ ಬಿಡಿ ಟೀಪುಡಿ ಕಟ್ಟಿಸಿಕೊಳ್ಳುತ್ತಿದ್ದಳು. ನಲವತ್ತು ವರ್ಷ ಅದೇ ಅಂಗಡಿ, ಅದೇ ಮನುಷ್ಯ. ಅಜ್ಜಿ ಅವರನ್ನು ಸಾಬ್ರು ಅನ್ನುತ್ತಾಳೆ. ಅವರು ಇವಳನ್ನು ಹೊರಮಾವಮ್ಮ ಅನ್ನುತ್ತಾರೆ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿದೆಯೋ ಇಲ್ಲವೋ, ನನಗೆ ಅನುಮಾನ.

ಸಾಬ್ರ ವಯಸ್ಸು ಅವರ ಮೊಮ್ಮಗಳ ಪ್ರಕಾರ ಎಪ್ಪತ್ತೆಂಟು, ನನ್ನ ಪ್ರಕಾರ ಮುನ್ನೂರು. ಅಂಗಡಿಯ ಗೋಡೆಯ ತುಂಬ ತಗಡಿನ ಡಬ್ಬಗಳು, ಒಂದರ ಮೇಲೂ ಚೀಟಿಯಿಲ್ಲ. ಯಾವುದರಲ್ಲಿ ಅಸ್ಸಾಮಿನ ಕಪ್ಪು ಪುಡಿ, ಯಾವುದರಲ್ಲಿ ನೀಲಗಿರಿಯ ಉದ್ದ ಎಲೆ, ಯಾವುದರಲ್ಲಿ ಹೋಟೆಲಿನವರು ಒಯ್ಯುವ, ಡಸ್ಟ್ ಎಂಬ ಸಣ್ಣ ಕಡು ಪುಡಿ, ಅವರ ಕೈಗೆ ಮಾತ್ರ ಗೊತ್ತು. ಹೊಸ ಎಲೆ ಬಂದರೆ ಒಂದು ಚಿಟಿಕೆ ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳಿನ ಸಂದಿಯಿಂದ ಒಳಕ್ಕೆ ಬಿಸಿ ಉಸಿರು ಊದಿ, ಆ ಮುಷ್ಟಿಯನ್ನು ಮೂಗಿಗೆ ಹಿಡಿಯುತ್ತಾರೆ. ಕಣ್ಣು ಮುಚ್ಚುತ್ತಾರೆ. ಆಗ ಗಲ್ಲಿಯಲ್ಲಿ ಲಾರಿಯೇ ನುಗ್ಗಿದರೂ, ಪಕ್ಕದ ಅಂಗಡಿಯ ಕೋಳಿಗಳು ಒಟ್ಟಿಗೆ ಗಲಾಟೆ ಎಬ್ಬಿಸಿದರೂ ಅವರು ಇಲ್ಲಿಲ್ಲ. ಕಣ್ಣು ಬಿಟ್ಟು, "ಮಳೆಗೆ ಮುಂಚೆ ಕಿತ್ತಿದ್ದು. ಆದ್ರೆ ಮೂಟೆ ಒದ್ದೆ ನೆಲದ ಮೇಲಿಟ್ಟಿದ್ರು," ಅನ್ನುತ್ತಾರೆ. ತಂದವನು ತಲೆ ತಗ್ಗಿಸುತ್ತಾನೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಹೊತ್ತಿನಲ್ಲಿ ನನಗೂ ತಲೆ ತಗ್ಗಿಸಬೇಕು ಅನ್ನಿಸಿತ್ತು, ನಾನೇನೂ ಮಾಡಿರಲಿಲ್ಲವಾದರೂ.

ಅವರ ಮೊಮ್ಮಗಳು ಇಂದಿರಾನಗರದ ನಮ್ಮ ಪಿಯು ಕಾಲೇಜಿನಲ್ಲಿ ನನ್ನ ಪಕ್ಕದ ಸೀಟು. ಅಜ್ಜಿಯ ಮಂಡಿ ಕೈಕೊಟ್ಟ ಮೇಲೆ ಟೀಪುಡಿ ಅವಳ ಬ್ಯಾಗಿನಲ್ಲೇ ಬರುತ್ತಿತ್ತು. ಎರಡು ವರ್ಷ ಅವಳ ಫಿಸಿಕ್ಸ್ ನೋಟ್ಸು ಘಮಘಮ ಅನ್ನುತ್ತಿತ್ತು. ಅಂಕಗಳ ಮೇಲೆ ಅದರ ಪರಿಣಾಮ ಆಗಲಿಲ್ಲ.

ತಾಪತ್ರಯ ಶುರುವಾದದ್ದು ಮೂರು ತಿಂಗಳ ಹಿಂದೆ. ಒಂದು ಬೆಳಿಗ್ಗೆ ಅಜ್ಜಿ ಅರ್ಧ ಲೋಟ ಕುಡಿದು, ಉಳಿದರ್ಧವನ್ನು ಕರಿಬೇವಿನ ಗಿಡಕ್ಕೆ ಸುರಿದಳು. ಲೋಟದ ತಳದ ಸಕ್ಕರೆಯನ್ನೂ ಬೆರಳಿನಿಂದ ತೆಗೆದು ನೆಕ್ಕುವ ಅಜ್ಜಿ! ಮರುದಿನವೂ ಅರ್ಧ. ಒಂದು ವಾರ ಕಳೆಯುವುದರೊಳಗೆ ಕರಿಬೇವಿನ ಗಿಡಕ್ಕೆ ರಾತ್ರಿ ನಿದ್ದೆ ಬರುತ್ತಿಲ್ಲವೇನೋ ಅನ್ನಿಸುವಷ್ಟು ಟೀ ಬಿದ್ದಿತ್ತು. ಅಮ್ಮ ಹಾಲು ಬದಲಿಸಿ ನೋಡಿದರು. ಶುಂಠಿ ಹಾಕಿ ನೋಡಿದರು. ಅಜ್ಜಿ ತೀರ್ಪು ಕೊಟ್ಟೇಬಿಟ್ಟಳು: "ಸಾಬ್ರ ಕೈ ಕೆಟ್ಟೋಗೈತೆ. ಬರೀ ಒಗರು. ನಾಲ್ಗೆ ಮೇಲೆ ಗೀರ್ದಂಗಾಯ್ತದೆ."

ಅಲ್ಲಿಗೇ ನಿಂತಿದ್ದರೆ ಸರಿ. ಮುಂದಿನ ಸಲ ಗೆಳತಿ ಪುಡಿ ತಂದಾಗ ಅವಳ ಕೈಗೇ ವಾಪಸ್ ಕೊಟ್ಟು, "ನಿಮ್ ತಾತಂಗೆ ಹೇಳವ್ವ, ವಯಸ್ಸಾಯ್ತು, ಬೆರ್ಸೋ ಕೆಲ್ಸ ಬೇರೆಯವ್ರಿಗೆ ಬಿಡ್ಲಿ," ಅಂದಳು. ಗೆಳತಿ ಸುಳ್ಳು ಹೇಳಲು ಬಾರದ ವಿಚಿತ್ರ ಪ್ರಾಣಿ. ಹೋಗಿ ಹಾಗೆಯೇ ಹೇಳಿದಳು.

ಎರಡು ವಾರದ ನಂತರ ಹಲಸೂರಿನ ಬಸ್‌ಸ್ಟಾಪಿನಲ್ಲಿ ಅವಳು ನನ್ನ ಮೇಲೆ ಹರಿಹಾಯ್ದಳು.

"ನಿಮ್ಮಜ್ಜಿ ಒಂದ್ ಮಾತಿಗೆ ನಮ್ ದಾದಾ ಅಂಗಡಿ ಒಳಗೇ ಹೋಗ್ತಿಲ್ಲ ಕಣೇ! ಹೊರಗೆ ಸ್ಟೂಲ್ ಹಾಕ್ಕೊಂಡು ಕೂತ್ಬಿಡ್ತಾರೆ."

"ಒಬ್ರು ಹೇಳಿದ್ದಕ್ಕಾ? ಬೇರೆ ಗಿರಾಕಿಗಳು ಚೆನ್ನಾಗಿದೆ ಅಂತಾರಲ್ಲ?"

"ಅವ್ರೆಲ್ಲ ಮರ್ಯಾದೆಗೆ ಹೇಳ್ತಾರೆ, ಹೊರಮಾವಮ್ಮ ಸುಳ್ಳು ಹೇಳಲ್ಲ ಅಂತಾರೆ ದಾದಾ. ಜ್ವರ ಬಂದಿತ್ತಲ್ಲ ಅವ್ರಿಗೆ, ಆವಾಗ ಒಂದು ತಿಂಗ್ಳು ವಾಸನೆನೇ ಬರ್ತಿರ್ಲಿಲ್ಲ. ಮನೇಲಿ ಯಾರಿಗೂ ಹೇಳಿಲ್ಲ, ನಂಗೊಬ್ಳಿಗೇ ಹೇಳಿದ್ರು. ಆವಾಗಿಂದ ಒಳಗೊಳಗೇ ಭಯ. ಈಗ ನಿಮ್ಮಜ್ಜಿ ಮೊಹರು ಒತ್ತಿದ್ರು."

"ಮುಂದೆ?"

"ಮುಂದೆ ಏನು? ನಮ್ ಅಬ್ಬಾಗೆ ಖುಷಿ. ಅವ್ರಿಗೆ ಮೊದಲಿಂದಲೂ ಪ್ಯಾಕೆಟ್ ಟೀ ಮಾರ್ಬೇಕು ಅಂತ. ಬರೋ ಸೋಮವಾರ ಡಬ್ಬ ಎಲ್ಲಾ ಗುಜರಿಗೆ ಹೋಗುತ್ತಂತೆ, ರ‍್ಯಾಕ್ ಬರುತ್ತಂತೆ. ದಾದಾ ಹೂಂ ಅಂದ್ಬಿಟ್ರು."

ಅವಳ ಕಣ್ಣು ಒದ್ದೆಯಾಗಿತ್ತು. ನನಗೆ ಆ ಡಬ್ಬಗಳು ನೆನಪಾದವು, ಆ ಮುಷ್ಟಿ ನೆನಪಾಯಿತು. ನಮ್ಮಜ್ಜಿಯ ನಾಲಿಗೆ ತಪ್ಪುವುದಿಲ್ಲ. ಸಾಬ್ರ ಮೂಗು ತಪ್ಪುವುದಿಲ್ಲ. ಎರಡೂ ಸರಿಯಿದ್ದರೆ ತಪ್ಪು ಎಲ್ಲೋ ಮೂರನೇ ಜಾಗದಲ್ಲಿರಬೇಕು. ಇದನ್ನು ಪತ್ತೆ ಮಾಡಲು ಒಂದು ಅಸಾಧಾರಣ ಪ್ರತಿಭೆ ಬೇಕಾಗಿತ್ತು. ಅದು ಬಸ್‌ಸ್ಟಾಪಿನಲ್ಲೇ ನಿಂತಿತ್ತು.

"ಸೋಮವಾರದೊಳಗೆ ಕಂಡುಹಿಡೀತೀನಿ, ಬಿಡು," ಅಂದೆ.

"ನೀನಾ? ಕ್ಯಾಂಟೀನಲ್ಲಿ ಕಾಫಿ ಕುಡ್ದು ಟೀ ಚೆನ್ನಾಗಿದೆ ಅಂದವ್ಳು ನೀನು."

ಅದು ನಡೆದದ್ದು ಒಂದೇ ಸಲ. ಕ್ಯಾಂಟೀನಿನ ಕಾಫಿಯನ್ನು ಕುಡಿದವರಿಗೆ ನನ್ನ ಕಷ್ಟ ಅರ್ಥವಾಗುತ್ತದೆ.

ಬುಧವಾರ ಮಧ್ಯಾಹ್ನ ಅವಳು ಆರು ಪೊಟ್ಟಣ ತಂದಳು. ದಾದಾ ಕೊನೆಯದಾಗಿ ಬೆರೆಸಿಟ್ಟಿದ್ದ ಹೊರಮಾವಮ್ಮನ ಪುಡಿ ಒಂದು, ಅದಕ್ಕೆ ಬೀಳುವ ಬೇರೆ ಬೇರೆ ಟೀಗಳು ಐದು. ಯಾವ ಡಬ್ಬದ ಎಲೆ ಕೆಟ್ಟಿದೆ ಅಂತ ಹುಡುಕುವುದು ನಮ್ಮ ಯೋಜನೆ. ಟೀ ಕಂಪನಿಗಳಲ್ಲಿ ರುಚಿ ನೋಡುವವರು ಹೇಗೆ ನೋಡುತ್ತಾರೆ ಎಂದು ನಾನು ರಾತ್ರಿಯೆಲ್ಲ ವೀಡಿಯೋ ನೋಡಿ ಕಲಿತಿದ್ದೆ. ಹಾಲು, ಸಕ್ಕರೆ ಇಲ್ಲ. ಬಿಳಿ ಬಟ್ಟಲಿನಲ್ಲಿ ಎಲೆ, ಮೇಲೆ ಕುದಿಯುವ ನೀರು, ಗಡಿಯಾರ ನೋಡಿ ಸೋಸುವುದು. ಆಮೇಲೆ ಚಮಚದಿಂದ ಗಾಳಿಯ ಸಮೇತ ಜೋರಾಗಿ ಹೀರಬೇಕು, ಬಾಯಲ್ಲೆಲ್ಲ ಓಡಾಡಿಸಿ ಉಗಿಯಬೇಕು. ಎಷ್ಟು ಜೋರಾಗಿ ಹೀರಿದರೆ ಅಷ್ಟು ರುಚಿ ತಿಳಿಯುತ್ತದಂತೆ. ನಾವು ಹೀರಿದ ಸದ್ದಿಗೆ ಎರಡನೇ ಮಹಡಿಯ ಬಾಡಿಗೆಯವರು ಕಿಟಕಿ ತೆಗೆದು ನೋಡಿದರು.

"ಯಾರಿಗ್ರೇ ವಾಂತಿ?" ಅಮ್ಮ ನಡುಮನೆಯಿಂದ ಕೂಗಿದರು.

"ವಾಂತಿ ಅಲ್ಲಮ್ಮ, ರುಚಿ ನೋಡ್ತಿದೀವಿ!"

"ರುಚಿ ನೋಡೋಕೆ ಸಿಂಕಲ್ಲಿ ಯಾಕ್ರೇ ಉಗೀತೀರ?"

ಮೊದಲ ಬಟ್ಟಲಿಗೆ ನಾನು ಕಣ್ಣು ಮುಚ್ಚಿದೆ. "ಇದ್ರಲ್ಲಿ... ಬಿಸಿಲಿಗಿಟ್ಟ ಮರದ ಕುರ್ಚಿ ಇದೆ. ಹಿಂದೆ ಸ್ವಲ್ಪ ಕಿತ್ತಳೆ ಸಿಪ್ಪೆ. ಕೊನೇಲಿ ಹಲಸೂರು ಕೆರೆ ಕಡೆಯಿಂದ ಬರೋ ಗಾಳಿ."

"ಹಲಸೂರು ಕೆರೆ ಗಾಳಿ ಮೂಗಿಗೆ ಬಿದ್ರೆ ನೀನು ಕರ್ಚೀಫ್ ಹುಡುಕ್ತೀಯ," ಅಂದಳು ಅವಳು. "ನಂಗೆ ಒಗರು ಬಿಟ್ರೆ ಏನೂ ಗೊತ್ತಾಗ್ತಿಲ್ಲ."

ಎರಡನೆಯದೂ ಒಗರು. ಮೂರನೆಯದಕ್ಕೆ ನಾನು ಹೊಸ ದೋಸೆ ಕಾವಲಿ, ದೇವರ ಮನೆ ಮುಂತಾದ ಏಳು ವಾಸನೆಗಳನ್ನು ಪತ್ತೆ ಮಾಡಿದೆ, ಆದರೆ ನಾಲಿಗೆಯ ಮೇಲೆ ಕೊನೆಗೆ ಉಳಿದದ್ದು ಅದೇ ಗೀರು. ನೀಲಗಿರಿಯ ಉದ್ದ ಎಲೆಯ ಟೀ ನೋಡಲು ಜೇನಿನ ಹಾಗೆ ಹೊಳೆಯುತ್ತಿತ್ತು. ಕುಡಿದರೆ ಅದೂ ಬ್ಲೇಡು. ಆರಕ್ಕೆ ಆರೂ ಒಂದೇ ತರಹ ಕೆಟ್ಟಿರಲು ಹೇಗೆ ಸಾಧ್ಯ?

ಅಷ್ಟರಲ್ಲಿ ಅಪ್ಪ ಅಡುಗೆಮನೆಗೆ ಬಂದರು. ಅಪ್ಪನ ಜೇಬಿನಲ್ಲಿ ಪೆನ್ನಿನ ಹಾಗೆ ಕಾಣುವ ಒಂದು ಸಾಧನ ಇರುತ್ತದೆ. ಅದನ್ನು ನೀರಿನಲ್ಲಿ ಅದ್ದಿದರೆ ಅದರಲ್ಲಿ ಎಷ್ಟು ಉಪ್ಪು, ಸುಣ್ಣ ಕರಗಿದೆ ಎಂಬುದಕ್ಕೆ ಒಂದು ನಂಬರು ತೋರಿಸುತ್ತದೆ. ಗೋಡೆಯ ಮೇಲೆ ನೀರು ಶುದ್ಧ ಮಾಡುವ ಬಿಳಿ ಮೆಷಿನ್ನು ಕೂರಿಸಿದ ದಿನ ಪುಕ್ಕಟೆಯಾಗಿ ಬಂದದ್ದು. ಅಂದಿನಿಂದ ಅಪ್ಪ ಅದನ್ನು ಅದ್ದದ ದ್ರವ ಈ ಭೂಮಿಯ ಮೇಲಿಲ್ಲ. ಚಿಕ್ಕಮ್ಮನ ಮನೆಯ ರಸಂಗೆ ಅದ್ದಿದ್ದಾರೆ. ದೇವಸ್ಥಾನದ ತೀರ್ಥಕ್ಕೆ ಅದ್ದಲು ಹೋಗಿ ಅಮ್ಮನ ಕೈಯಲ್ಲಿ ಪೆಟ್ಟು ತಿಂದಿದ್ದಾರೆ. ಆ ಮೆಷಿನ್ನಿಗೆ ಶುಕ್ರವಾರ ಅರಿಶಿನ ಕುಂಕುಮ ಇಡುವುದೊಂದು ಬಾಕಿ.

ಅಪ್ಪ ನಮ್ಮ ಕೆಟಲಿನಲ್ಲಿ ಪೆನ್ನು ಅದ್ದಿ, ನಂಬರು ನೋಡಿ, ತೃಪ್ತಿಯಿಂದ ತಲೆಯಾಡಿಸಿದರು. "ಹದಿನೆಂಟು! ಈ ಏರಿಯಾದಲ್ಲೇ ಇಂಥ ನೀರಿಲ್ಲ. ಟೀ ಮಾಡ್ಕೊಳ್ರಮ್ಮಾ, ಚೆನ್ನಾಗ್ ಬರುತ್ತೆ," ಎಂದು ಹೋದರು.

ಇಷ್ಟು ಓದಿದ ನಿಮಗೆ ವಿಷಯ ತಿಳಿದುಹೋಗಿರಬಹುದು. ನನಗೆ ತಿಳಿಯಲಿಲ್ಲ. ಅಸಾಧಾರಣ ಪ್ರತಿಭೆಗಳು ನಿಧಾನವಾಗಿ ಕೆಲಸ ಮಾಡುತ್ತವೆ.

ಗೆಳತಿ ಉಳಿದ ಪುಡಿಯಲ್ಲಿ ಅರ್ಧವನ್ನು ಮನೆಗೆ ಒಯ್ದು ಅಲ್ಲಿ ಮಾಡಿದಳು. ಸಂಜೆ ಫೋನು ಬಂತು. "ಮಗಾ, ಅದೇ ಆರು ಪುಡಿ. ಇಲ್ಲಿ ಸೂಪರಾಗಿದೆ. ನಿಮ್ಮನೇಲೇ ಏನೋ ದೆವ್ವ ಇದೆ."

"ನಿಮ್ದು ಮರ್ಯಾದೆಗೆ ಹೇಳೋ ನಾಲ್ಗೆ."

"ನಕ್ಕೊ ರೀ ಮೇಡಂ, ನಮ್ದು ಟೀ ಅಂಗಡಿ ನಾಲ್ಗೆ," ಎಂದು ಫೋನು ಇಟ್ಟಳು. ನಕ್ಕೊ ಅಂದರೆ ಬೇಡ, ನಗು ಅಲ್ಲ. ಅವಳಿಗೆ ಸಿಟ್ಟು ಬಂದರೆ ಮನೆಯ ದಖ್ಖನಿ ಹೊರಗೆ ಬರುತ್ತದೆ, ನನಗೆ ಬಹುವಚನ ಸಿಗುತ್ತದೆ.

ಶುಕ್ರವಾರ ಕಾಲೇಜು ಮುಗಿಸಿ ಅವಳ ಜೊತೆ ಅಂಗಡಿಗೆ ಹೋದೆ. ಗಲ್ಲಿಯಲ್ಲಿ ಸಾಬ್ರು ಸ್ಟೂಲಿನ ಮೇಲೆ, ಅಂಗಡಿಗೆ ಬೆನ್ನು ಹಾಕಿ ಕೂತಿದ್ದರು. ಕೈಗಳು ಮಂಡಿಯ ಮೇಲೆ ಸುಮ್ಮನಿದ್ದವು. ಆ ಕೈಗಳು ಸುಮ್ಮನಿರುವುದನ್ನು ನಾನು ಅದೇ ಮೊದಲು ನೋಡಿದ್ದು. ತಮಾಷೆ ಮಾಡಲು ಏನೂ ತೋಚಲಿಲ್ಲ. ನನಗೆ ತೋಚದಿರುವುದು ಅಪರೂಪ.

ಒಳಗೆ ಗೆಳತಿಯ ಅಬ್ಬಾ ಟೇಪು ಹಿಡಿದು ರ‍್ಯಾಕಿಗೆ ಗೋಡೆ ಅಳೆಯುತ್ತಿದ್ದರು. ಒಬ್ಬ ಹೆಂಗಸು ಬಂದು ಅರ್ಧ ಕೆಜಿ ಟೀಪುಡಿ ಕೇಳಿದರು. ಸಾಬ್ರು ಬೆನ್ನು ತಿರುಗಿಸದೆಯೇ, ಅಭ್ಯಾಸಬಲದಿಂದ, ಕೇಳಿದರು: "ಯಾವ ನೀರಮ್ಮಾ?"

"ನಮ್ದು ಇಂದಿರಾನಗರ, ಕಾವೇರಿ."

"ಮೇಲಿನ ಸಾಲು, ಎಡಗಡೆಯಿಂದ ಮೂರನೇದು," ಅಂದರು ಮಗನಿಗೆ. ಹಿಂದೆಯೇ ಬೈಕಿನಲ್ಲಿ ಬಂದವನೊಬ್ಬ ಕಾಲು ಕೆಜಿ ಅಂದ. ಮತ್ತೆ ಅದೇ: "ಯಾವ ನೀರು?"

"ಕೆಆರ್ ಪುರ, ಸಾಬ್ರೇ. ಟ್ಯಾಂಕರ್ರು."

"ಹಂಗಾದ್ರೆ ಸ್ವಲ್ಪ ಡಸ್ಟ್ ಜಾಸ್ತಿ ಬೇಕು. ಗಡಸು ನೀರು ಟೀನ ನುಂಗ್ಬಿಡುತ್ತೆ."

ನಾನು ಗೆಳತಿಯ ತೋಳು ಹಿಡಿದೆ. "ಯಾವ ನೀರು ಅಂತ ಯಾಕೆ ಕೇಳ್ತಾರೆ?"

"ಎಲ್ರಿಗೂ ಕೇಳ್ತಾರೆ. ನೀರು ಗೊತ್ತಿಲ್ದೆ ಪುಡಿ ಬೆರ್ಸಲ್ಲ ದಾದಾ. ಯಾಕೆ?"

ನಾನು ಸ್ಟೂಲಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. "ತಾತ, ನಮ್ಮಜ್ಜೀನ ಏನು ಕೇಳ್ತೀರ?"

ಅವರು ನಕ್ಕರು, ಬಹಳ ದಿನದ ಮೇಲೆ ಅನ್ನಿಸುವ ಹಾಗೆ. "ಹೊರಮಾವಮ್ಮಂಗೆ ಏನು ಕೇಳೋದು ಬೇಟಾ? ಮೊದ್ಲು ಅವ್ರ ತೋಟದ ಬಾವಿ. ಆಮೇಲೆ ಅದೇ ಜಾಗದಲ್ಲಿ ಬೋರು. ಒಳ್ಳೆ ಗಡಸು ನೀರು. ನಲವತ್ತು ವರ್ಷದಿಂದ ಆ ನೀರಿಗೇ ಬೆರೆಸಿದೀನಿ."

ನನ್ನ ತಲೆಯೊಳಗೆ ಬಿಳಿ ಮೆಷಿನ್ನು ಗೋಡೆಯಿಂದ ಕಳಚಿ ದಬಾರನೆ ಬಿತ್ತು. ಮೆಷಿನ್ನು ಕೂರಿಸಿದ್ದು ಮೂರು ತಿಂಗಳ ಹಿಂದೆ. ಅಜ್ಜಿ ಅರ್ಧ ಲೋಟ ಬಿಡತೊಡಗಿದ್ದೂ ಆಗಲೇ. ಗಡಸು ನೀರಿಗೆ ಎದೆ ಕೊಟ್ಟು ನಿಲ್ಲಲೆಂದು ಬೆರೆಸಿದ ಪುಡಿ, ತಡೆಯುವುದು ಏನೂ ಇಲ್ಲದ ನೀರಿಗೆ ಬಿದ್ದು ಹುಚ್ಚು ಕುದುರೆಯಾಗಿತ್ತು. ಊರಿನ ಎಲ್ಲ ಗಿರಾಕಿಗಳನ್ನೂ ಕೇಳುವ ಪ್ರಶ್ನೆಯನ್ನು ಅವರು ಇವಳೊಬ್ಬಳಿಗೆ ಕೇಳುತ್ತಿರಲಿಲ್ಲ, ಗೊತ್ತು ಎಂಬ ಧೈರ್ಯದಿಂದ. ಇವಳೂ ಹೇಳಿರಲಿಲ್ಲ. ಸ್ವಂತ ಬಾವಿಯ ಮನೆಗೆ ಬಂದು, ಸ್ವಂತ ಬಾವಿಯ ನೀರಲ್ಲೇ ಬದುಕು ಕಳೆದವಳಿಗೆ ನೀರಿನಲ್ಲಿ ಬೇರೆ ಬೇರೆ ಇರುತ್ತದೆ ಎಂದು ಹೊಳೆಯುವುದಾದರೂ ಹೇಗೆ?

ಮನೆಗೆ ಓಡಿ, ಅಂಗಳದ ನಲ್ಲಿಯಿಂದ ಬೋರಿನ ನೀರು ಹಿಡಿದು, ಕುದಿಸಿ, ಉಳಿದಿದ್ದ ಹೊರಮಾವಮ್ಮನ ಪುಡಿ ಹಾಕಿ ಟೀ ಮಾಡಿದೆ. ಗೀರು ಮಾಯ! ಕಪ್ಪಗೆ, ದುಂಡಗೆ, ಗಂಟಲಲ್ಲಿ ಕೂತು ಹರಟೆ ಹೊಡೆಯುವಂಥ ಟೀ. ಕಾಫಿಗೂ ಟೀಗೂ ವ್ಯತ್ಯಾಸ ತಿಳಿಯದ ನನ್ನ ನಾಲಿಗೆಗೇ ಗೊತ್ತಾಯಿತು ಎಂದರೆ ನೋಡಿ.

ಇನ್ನು ಹೇಳಿಬಿಟ್ಟರೆ ಮುಗಿಯಿತು ಅಂದುಕೊಂಡಿರಾ? ನಾವೂ ಹಾಗೇ ಅಂದುಕೊಂಡೆವು. ಗೆಳತಿ ದಾದಾಗೆ ಹೇಳಿದಳು. "ನನ್ನ ಸಮಾಧಾನಕ್ಕೆ ಹೇಳ್ತೀಯ ಬೇಟಿ," ಎಂದು ಅವಳ ತಲೆ ಸವರಿದರು. ನಾನು ಅಜ್ಜಿಗೆ ಹೇಳಿದೆ. "ನೀರಾಗೇನೈತೆ? ನೀರು ನೀರೇ. ಸಾಬ್ರ ಪರವಾಗಿ ವಕಾಲತ್ತು ಹಾಕ್ಬೇಡ, ಓದ್ಕೋ ಹೋಗು," ಅಂದಳು. ಸಾಬ್ರಿಗೆ ಈ ಮಾತು ಅಜ್ಜಿಯ ಬಾಯಿಂದಲೇ ಬರಬೇಕು. ಅವಳಿಗೆ ಅವಳ ನಾಲಿಗೆಯೇ ಹೇಳಬೇಕು. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸದೆ ಬೇರೆ ದಾರಿಯಿರಲಿಲ್ಲ.

ಭಾನುವಾರ ಅಪ್ಪ ಅಮ್ಮ ಬಾಣಸವಾಡಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದರು. ಊಟ ಮುಗಿಸಿ ಬರಲು ನಾಲ್ಕಾಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಹನ್ನೊಂದೂವರೆಗೆ ಗೆಳತಿ ದಾದಾರನ್ನು ಆಟೋದಲ್ಲಿ ಕರೆತಂದಳು. ಏನು ಹೇಳಿ ಹೊರಡಿಸಿದೆ ಎಂದು ಕೇಳಿದೆ. "ಹೊರಮಾವಮ್ಮ ಮುಖಾಮುಖಿ ಬೈಬೇಕಂತೆ ಅಂದೆ. ತಕ್ಷಣ ಟೋಪಿ ಹಾಕ್ಕೊಂಡ್ರು," ಅಂದಳು. ಸುಳ್ಳು ಹೇಳಲು ಬಾರದವಳು ಎರಡು ವರ್ಷ ನನ್ನ ಪಕ್ಕ ಕೂತು ಸುಧಾರಿಸಿದ್ದಳು.

ಅಜ್ಜಿ ಅವರನ್ನು ನೋಡಿ ಸೆರಗು ಸರಿಮಾಡಿಕೊಂಡಳು. "ಬನ್ನಿ ಸಾಬ್ರೇ. ನಲವತ್ತ್ ವರ್ಷಕ್ಕೆ ನಮ್ಮನೆ ದಾರಿ ಸಿಕ್ತಾ?"

"ನೀವು ಬೈದಿದ್ದು ಶಿವಾಜಿನಗರದವರೆಗೂ ಕೇಳ್ತಮ್ಮಾ. ಬಾಕಿ ಇದ್ರೆ ಹತ್ರ ಕೂತು ಕೇಳೋಣ ಅಂತ ಬಂದೆ."

"ಬೈಯ್ದೆ ಇನ್ನೇನು ಮತ್ತೆ? ಚಿನ್ನದಂಥ ಪುಡಿ ಕೊಡ್ತಿದ್ದೋರು ಮಣ್ಣ್ ಕೊಟ್ರೆ?"

"ಬೈಯಿರಿ ಅಮ್ಮಾ. ನೀವೂ ಸುಮ್ನಾಗ್ಬಿಟ್ರೆ ನಂಗೆ ಯಾರು ಹೇಳ್ತಾರೆ?"

ಅಜ್ಜಿಗೆ ಈ ಉತ್ತರ ಬರುತ್ತದೆಂದು ಗೊತ್ತಿರಲಿಲ್ಲ. ಸೆರಗನ್ನು ಇನ್ನೊಂದು ಸಲ ಸರಿಮಾಡಿಕೊಂಡಳು.

ಅಡುಗೆಮನೆಯಲ್ಲೇ ಚಾಪೆ ಹಾಕಿದೆವು. ಒಬ್ಬೊಬ್ಬರ ಮುಂದೆ ಮೂರು ಮೂರು ಸ್ಟೀಲ್ ಲೋಟ. ಈ ಸಲ ಹಾಲು ಸಕ್ಕರೆ ಹಾಕಿ, ಅಜ್ಜಿ ಕುಡಿಯುವ ಹಾಗೆಯೇ. ಯಾವುದರಲ್ಲಿ ಏನಿದೆ ಎಂದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ.

ಮೊದಲನೆಯದು ಕಂಪನಿಯ ಪ್ಯಾಕೆಟ್ ಟೀ. ಅಜ್ಜಿ ತುಟಿಗೆ ತಾಗಿಸಿ ಕೆಳಗಿಟ್ಟಳು. "ಇದು ಟೀ ಅಲ್ಲ. ಬಣ್ಣ."

ಎರಡನೆಯದು ಸಾಬ್ರ ಪುಡಿ, ಮೆಷಿನ್ನಿನ ನೀರು. ಒಂದು ಗುಟುಕು. ಅಜ್ಜಿ ಮುಖ ಹಿಂಡಿದಳು. "ಇದು ಇವರ್ದೇ. ನಾನ್ ಹೇಳ್ಲಿಲ್ವಾ, ಗೀರ್ತದೆ."

ಸಾಬ್ರು ತಮ್ಮ ಎರಡನೇ ಲೋಟದಿಂದ ಕುಡಿದರು. ಕಣ್ಣು ಮುಚ್ಚಿದರು. "ಹೌದು. ಒಗರು. ಅಮ್ಮ ಹೇಳಿದ್ದು ಸರಿ. ಇಷ್ಟು ಒಗರು ನಾನು ಯಾರಿಗೂ ಕೊಡ್ಬಾರ್ದಾಗಿತ್ತು." ಅವರ ದನಿ ಕುಸಿದಿತ್ತು.

ಗೆಳತಿ ಮಾತ್ರ ಕುಣಿದಳು. "ದಾದಾ! ನಿಮ್ಗೆ ಗೊತ್ತಾಯ್ತಲ್ಲ! ನಾಲ್ಗೆ ಹೋಗಿದ್ರೆ ಹೆಂಗೆ ಗೊತ್ತಾಗ್ತಿತ್ತು?"

ಅವರು ಕಣ್ಣು ತೆರೆದು ಅವಳನ್ನೇ ನೋಡಿದರು. ಆ ಯೋಚನೆ ಅವರಿಗೆ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬಂದಿರಲಿಲ್ಲ, ಆದರೆ ಎಲ್ಲ ನನ್ನ ಯೋಜನೆಯ ಪ್ರಕಾರವೇ ನಡೆಯುತ್ತಿದೆ ಎಂಬಂತೆ ಮುಗುಳ್ನಕ್ಕೆ.

ಮೂರನೆಯದು ಅದೇ ಪೊಟ್ಟಣದ ಅದೇ ಪುಡಿ, ಅಂಗಳದ ಬೋರಿನ ನೀರು. ಸಾಬ್ರು ಕುಡಿದರು, ಲೋಟವನ್ನು ಮೂಗಿನ ಹತ್ತಿರ ತಂದರು, ಮತ್ತೆ ಕುಡಿದರು. "ಇದು ಯಾರು ಬೆರೆಸಿದ್ದು?"

"ನೀವೇ ದಾದಾ. ಎರಡೂ ಒಂದೇ ಪೊಟ್ಟಣ."

ಅವರು ನಂಬಲಿಲ್ಲ. ಅಜ್ಜಿಯತ್ತ ತಿರುಗಿದರು. ನಾವೆಲ್ಲ ತಿರುಗಿದೆವು. ಅಜ್ಜಿ ಕುಡಿಯುತ್ತಿದ್ದಳು. ಒಂದು ಗುಟುಕು, ಎರಡು. ಮೂರನೆಯದಕ್ಕೆ ಅವಳ ಹುಬ್ಬು ಮೇಲೇರಿತು. ಲೋಟ ಅರ್ಧಕ್ಕೆ ಬಂತು. ಅರ್ಧಕ್ಕೆ ನಿಂತಿತು. ಮೂರು ತಿಂಗಳಿಂದ ಅವಳು ನಿಲ್ಲಿಸುತ್ತಿದ್ದದ್ದು ಸರಿಯಾಗಿ ಅಲ್ಲೇ. ಲೋಟ ಕೈಯಲ್ಲಿದೆ, ಬಾಯಿ ತೆರೆಯುತ್ತಿದೆ, ಏನೋ ಹೇಳಲಿದ್ದಾಳೆ.

ಗೇಟು ಕಿರ್ರೆಂದಿತು.

ಅಪ್ಪ. ಹನ್ನೆರಡೂ ಕಾಲಿಗೆ! ಉಡುಗೊರೆಯ ಕವರನ್ನು ಫ್ರಿಡ್ಜಿನ ಮೇಲೆ ಮರೆತು, ಅಮ್ಮನನ್ನು ಮುಂದೆ ಕಳಿಸಿ, ಅರ್ಧ ದಾರಿಯಿಂದ ವಾಪಸ್ ಬಂದಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಚಾಪೆ, ಲೋಟಗಳು, ಟೋಪಿ ಹಾಕಿದ ಹಿರಿಯರು, ಎಲ್ಲವನ್ನೂ ನೋಡಿದರು. ಸಾಬ್ರಿಗೆ ಕೈ ಮುಗಿದರು. ಮುಗಿದ ಕೈ ಇಳಿಯುವಷ್ಟರಲ್ಲಿ ಕಣ್ಣು ಒಲೆಯ ಪಕ್ಕದ ಪಾತ್ರೆಯ ಮೇಲೆ ಬಿತ್ತು. ಅಂಗಳದಿಂದ ತಂದ ನೀರು ಅದರಲ್ಲಿ ಇನ್ನೂ ಉಳಿದಿತ್ತು. ಜೇಬಿನಿಂದ ಪೆನ್ನು ತಾನಾಗಿಯೇ ಹೊರಬಂತು.

"ನಾನೂರ ಎಂಬತ್ತು!" ಅಪ್ಪ ಜ್ವರ ನೋಡಿದ ಡಾಕ್ಟರ ಹಾಗೆ ಕೂಗಿದರು. "ಅಂಗಳದ ನೀರಾ ಇದು? ಮನೆಗೆ ಬಂದ ಹಿರೀಕರಿಗೆ ಬೋರ್ ನೀರಲ್ಲಿ ಟೀ ಮಾಡ್ಕೊಟ್ಟಿದ್ದೀಯಾ? ಅಷ್ಟು ದುಡ್ಡು ಕೊಟ್ಟು ಮೆಷಿನ್ ಹಾಕ್ಸಿರೋದು ಯಾತಕ್ಕೆ? ಕ್ಷಮಿಸಿ ಸಾಬ್ರೇ, ಈ ಹುಡುಗೀಗೆ ಬುದ್ಧಿಯಿಲ್ಲ. ಏಳ್ರಮ್ಮ, ಸಾಕು ಆಟ. ಎಲ್ಲಾ ಚೆಲ್ಲಿ!"

ಒಂದು, ಎರಡು, ಮೂರು, ಲೋಟಗಳು ಸಿಂಕಿಗೆ ಬಿದ್ದವು. ನನ್ನ ಐದು ದಿನದ ಪ್ರತಿಭೆ ತೂತಿನಲ್ಲಿ ಗಳಗಳ ಇಳಿದುಹೋಯಿತು. ಅಪ್ಪ ಕೊನೆಯ ಲೋಟಕ್ಕೆ ಕೈ ಚಾಚಿದರು. ಅದು ಅಜ್ಜಿಯ ಕೈಯಲ್ಲಿತ್ತು.

"ಕೊಡವ್ವ, ಅದನ್ನ ಕುಡೀಬೇಡ."

"ತಡಿಯೋ," ಅಂದಳು ಅಜ್ಜಿ.

ತಲೆ ಹಿಂದಕ್ಕೆ ಹಾಕಿ ಉಳಿದರ್ಧವನ್ನು ಕುಡಿದಳು. ಅವಸರವಿಲ್ಲದೆ, ಪೂರ್ತಿ. ತಳದ ಸಕ್ಕರೆಯನ್ನು ಬೆರಳಿನಿಂದ ತೆಗೆದು ನೆಕ್ಕಿದಳು. ಆಮೇಲೆ ಲೋಟವನ್ನು ಸಾಬ್ರ ಮುಂದೆ ಚಾಪೆಯ ಮೇಲೆ ಬೋರಲು ಹಾಕಿದಳು. ಒಂದು ತೊಟ್ಟೂ ಬೀಳಲಿಲ್ಲ.

ಸಾಬ್ರು ಆ ಲೋಟವನ್ನೇ ನೋಡುತ್ತ ಕೂತರು. ಆಮೇಲೆ ಗೋಡೆ ಹಿಡಿದು ಎದ್ದು, ಬಿಳಿ ಮೆಷಿನ್ನಿನ ಹತ್ತಿರ ಹೋಗಿ, ಅದನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಅಪ್ಪನನ್ನು ಕೇಳಿದರು: "ಇದು ಯಾವ ನೀರು ಸಾರ್?"

ಮೂರು ತಿಂಗಳಿಂದ ಯಾರಾದರೂ ಇದನ್ನು ಕೇಳಲಿ ಎಂದು ಅಪ್ಪ ಕಾಯುತ್ತಿದ್ದರು. ಸಿಟ್ಟು ಮರೆತೇಹೋಯಿತು. "ಬೋರಿನ ನೀರೇ ಸಾಬ್ರೇ, ಆದ್ರೆ ಇದು ಅದ್ರಲ್ಲಿರೋದನ್ನೆಲ್ಲಾ ತೆಗೆದ್ಬಿಡುತ್ತೆ."

"ಎಲ್ಲಾ ತೆಗೆದ್ಮೇಲೆ ಏನು ಉಳಿಯುತ್ತೆ?"

ಅಪ್ಪ ಯೋಚಿಸಿದರು. "ನೀರು."

"ಇಂಥ ನೀರಿಗೆ ನಾನು ಇನ್ನೂ ಬೆರೆಸಿಲ್ಲ." ಅವರ ಬಲಗೈಯ ಬೆರಳುಗಳು ಗಾಳಿಯಲ್ಲಿ ಏನನ್ನೋ ಚಿವುಟಿ ಅಳೆಯುತ್ತಿದ್ದವು. "ಡಸ್ಟ್ ಕಮ್ಮಿ ಮಾಡ್ಬೇ​ಕು, ಉದ್ದ ಎಲೆ ಜಾಸ್ತಿ... ಒಂದು ಬಾಟ್ಲಿ ತುಂಬಿ ಕೊಡಿ ಸಾರ್. ನಾಳೆ ಅಂಗಡೀಲಿ ಬೆರೆಸಿ ನೋಡ್ತೀನಿ. ಬೇಟಿ, ನಿಮ್ಮ ಅಬ್ಬಾಗೆ ಫೋನ್ ಮಾಡಿ ಹೇಳು, ನನ್ನ ಡಬ್ಬ ಯಾರೂ ಮುಟ್ಬಾರ್ದು."

ನಾಳೆ ಸೋಮವಾರ. ಗೆಳತಿ ಫೋನು ಹಿಡಿದು ಅಂಗಳಕ್ಕೆ ಓಡಿದಳು. ಅಜ್ಜಿ ಚಾಪೆಯ ಮೇಲಿಂದ, "ಅರ್ಧ ಕೆಜಿ ಕಟ್ಟಿ ಸಾಬ್ರೇ, ಕಾಲು ಸಾಲಲ್ಲ," ಅಂದಳು.

ಅಪ್ಪ ನನಗೆ ಇನ್ನು ಒಂದು ತಿಂಗಳು ಅಡುಗೆಮನೆಗೆ ಕಾಲಿಡಬಾರದು ಎಂದು ಹೇಳುತ್ತಲೇ ಬಾಟಲಿ ತುಂಬಿಸಿದರು. ಮುಚ್ಚಳ ಹಾಕುವ ಮೊದಲು ಅದಕ್ಕೆ ಪೆನ್ನು ಅದ್ದಿ, ನಂಬರನ್ನು ಸಾಬ್ರಿಗೆ ತೋರಿಸಿದರು. ಸಾಬ್ರು ಅದನ್ನು ಗೌರವದಿಂದ ನೋಡಿ, ಬಾಟಲಿಯನ್ನು ಎತ್ತಿ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿದರು.